ಒಳಉಡುಪು ಹೊಲಿಯುವುದಕ್ಕೆ ಫ್ಯಾಕ್ಟರಿಯೇ ಬೇಕೆ?

ಕಟೋರಿ ಬ್ಲೌಸನ್ನು ಸಲೀಸಾಗಿ ಕತ್ತರಿಸಿ ಹೊಲಿಯುವಷ್ಟು ಕೈ ಪಳಗಿದ ಹೆಂಗಸರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಮಗಳ ಫ್ರಾಕು, ಗಂಡನ ಪೈಜಾಮ, ಪಕ್ಕದ ಮನೆಯವರ ಚೂಡಿದಾರ ಎಲ್ಲವನ್ನೂ ಹೊಲಿಯುತ್ತಾರೆ. ತಮಗೊಂದು ಬ್ರಾ, ಒಂದು ಪ್ಯಾಂಟಿ ಹೊಲಿದುಕೊಳ್ಳುವ ಮಾತೆತ್ತಿದರೆ ಮಾತ್ರ ಹಿಂಜರಿಯುತ್ತಾರೆ. ಅದಕ್ಕೆ ಬೇರೆ ಮಿಷನ್ ಬೇಕು, ಬೇರೆ ವಿದ್ಯೆ ಬೇಕು, ಅದೆಲ್ಲ ಫ್ಯಾಕ್ಟರಿಯಲ್ಲೇ ಆಗಬೇಕು ಎಂಬ ನಂಬಿಕೆ ಅಷ್ಟು ಗಟ್ಟಿ. ಅಂಗಡಿಯ ಅಳತೆ ಮೈಗೆ ಒಗ್ಗದೆ ದಿನವಿಡೀ ಪಟ್ಟಿ ಎಳೆದುಕೊಳ್ಳುತ್ತ ಒದ್ದಾಡುವವರೂ ಇವರೇ. ಹಾಗಾಗಿ ಈ ನಂಬಿಕೆಗಳಲ್ಲಿ ನಿಜವೆಷ್ಟು ಎಂದು ನೋಡಲೇಬೇಕು.

“ಇದು ಮನೆಯಲ್ಲಿ ಆಗುವ ಕೆಲಸವಲ್ಲ”

ಬ್ರಾದ ಚರಿತ್ರೆಯೇ ಈ ಮಾತನ್ನು ಒಪ್ಪುವುದಿಲ್ಲ. ಆಸ್ಟ್ರಿಯಾದ ಲೆಂಗ್‌ಬರ್ಗ್ ಕೋಟೆಯನ್ನು ದುರಸ್ತಿ ಮಾಡುವಾಗ 2008ರಲ್ಲಿ ನೆಲದಡಿಯಿಂದ ಹಳೆಯ ಬಟ್ಟೆಗಳ ರಾಶಿಯೇ ಸಿಕ್ಕಿತು. ಅದರಲ್ಲಿ 15ನೇ ಶತಮಾನದ ಲಿನನ್ ಬ್ರಾಗಳಿದ್ದವು, ಕಪ್‌ಗಳನ್ನು ಬೇರೆಯಾಗಿ ಕತ್ತರಿಸಿ ಜೋಡಿಸಿದ್ದವು. ಹೊಲಿಗೆ ಮಿಷನ್ ಹುಟ್ಟುವುದಕ್ಕೆ ಶತಮಾನಗಳ ಹಿಂದಿನ ಕೈಹೊಲಿಗೆ ಅದು. ಇನ್ನು ಆಧುನಿಕ ಬ್ರಾದ ಕಥೆ ಹೇಳುವಾಗ ತಪ್ಪದೆ ಬರುವ ಹೆಸರು ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್. ಆಕೆ ಎರಡು ರೇಷ್ಮೆ ಕರವಸ್ತ್ರ ಮತ್ತು ರಿಬ್ಬನ್ ತೆಗೆದುಕೊಂಡು, ಮನೆಯ ಸಹಾಯಕಿಯನ್ನು ಜೊತೆಗೆ ಕೂರಿಸಿಕೊಂಡು ಮೊದಲ ಮಾದರಿ ಹೊಲಿದುಕೊಂಡಳು. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1914ರ ನವೆಂಬರ್ 3ರಂದು. ಒಟ್ಟೊ ಟಿಟ್ಸ್‌ಲಿಂಗ್ ಎಂಬಾತ ಬ್ರಾ ಕಂಡುಹಿಡಿದ ಎಂದು ಇಂದಿಗೂ ಹೇಳುವವರಿದ್ದಾರೆ. ಅಂಥ ಮನುಷ್ಯನೇ ಇರಲಿಲ್ಲ, 1971ರ ಒಂದು ಪುಸ್ತಕದಲ್ಲಿ ಬಂದ ಕಟ್ಟುಕಥೆ ಅದು.

ಕಟೋರಿ ಬ್ಲೌಸ್ ಬಲ್ಲವರಿಗೆ ಬ್ರಾದ ಅರ್ಧ ವಿದ್ಯೆ ಆಗಲೇ ಬಂದಿದೆ. ಚಪ್ಪಟೆ ಬಟ್ಟೆಯನ್ನು ಉಬ್ಬಿದ ಮೈಗೆ ಕೂರಿಸುವುದು ಎರಡಕ್ಕೂ ಇರುವ ಸವಾಲು, ಉಬ್ಬು ಅಂಚನ್ನು ತಗ್ಗು ಅಂಚಿಗೆ ಸೇರಿಸುವುದು ಎರಡಕ್ಕೂ ಇರುವ ಉಪಾಯ. ಮೊದಲು ಮಧ್ಯಕ್ಕೆ ಗುಂಡುಪಿನ್ನು, ಆಮೇಲೆ ಎರಡು ತುದಿಗೆ, ನಂತರ ನಿಧಾನವಾಗಿ ಹೊಲಿಗೆ. ಕಟೋರಿಗೆ ಮಾಡುವುದನ್ನೇ ಇಲ್ಲಿಯೂ ಮಾಡಬೇಕು. ದೊಡ್ಡ ವ್ಯತ್ಯಾಸ ಒಂದೇ. ಬ್ಲೌಸಿಗೆ ಮೈಯಳತೆಗಿಂತ ಸ್ವಲ್ಪ ಸಡಿಲ ಬಿಡುತ್ತೇವೆ. ಒಳಉಡುಪಿನ ಹಿಗ್ಗುವ ಭಾಗಗಳನ್ನು ಮೈಯಳತೆಗಿಂತ ಚಿಕ್ಕದಾಗಿಯೇ ಕತ್ತರಿಸಬೇಕು, ತೊಟ್ಟಾಗ ಅವು ಹಿಗ್ಗಿ ಕೂರುತ್ತವೆ. ಬ್ಲೌಸಿನ ಅಭ್ಯಾಸದಲ್ಲಿ ‘ಯಾವುದಕ್ಕೂ ಇರಲಿ’ ಎಂದು ಅರ್ಧ ಇಂಚು ಹೆಚ್ಚಿಗೆ ಬಿಟ್ಟರೆ ಪ್ಯಾಂಟಿ ಜೋತುಬೀಳುತ್ತದೆ, ಬ್ರಾದ ಪಟ್ಟಿ ಬೆನ್ನಮೇಲೆ ಏರುತ್ತದೆ.

“ಓವರ್‌ಲಾಕ್ ಇಲ್ಲದಿದ್ದರೆ ಕೈಹಾಕಬೇಡಿ”

ಓವರ್‌ಲಾಕ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ಅಷ್ಟೆ. ನಿಜವಾಗಿ ಬೇಕಾದದ್ದು ಜಿಗ್‌ಜಾಗ್. ಸೀರೆ ಅಂಚಿಗೆ ಫಾಲ್ ಹಚ್ಚಿಸುವಾಗ ಹಾಕಿಸುತ್ತೇವಲ್ಲ, ಅದೇ ಜಿಗ್‌ಜಾಗ್. ನೇರ ಹೊಲಿಗೆಯ ದಾರಕ್ಕೆ ಹಿಗ್ಗಲು ಜಾಗವಿಲ್ಲ, ಬಟ್ಟೆ ಹಿಗ್ಗಿದೊಡನೆ ಪಟ್ಟನೆ ಹರಿಯುತ್ತದೆ. ಅಂಕುಡೊಂಕಾಗಿ ಹೋದ ದಾರ ಬಟ್ಟೆಯ ಜೊತೆಗೇ ನೀಳವಾಗುತ್ತದೆ. ಹಾಗೆಂದು ನೇರ ಹೊಲಿಗೆಯ ಕಪ್ಪು ಕಾಲ್ಮಿಷನ್ ಇದ್ದವರು ನಿರಾಶರಾಗಬೇಕಿಲ್ಲ. ಬ್ರಾದ ಕಪ್ ಜೋಡಿಸುವ ಹೊಲಿಗೆಗಳು ನೇರವಾಗಿಯೇ ಇರಬೇಕು, ಏಕೆಂದರೆ ಕಪ್ಪಿನ ಬಟ್ಟೆ ಹಿಗ್ಗಬಾರದು. ಇಲಾಸ್ಟಿಕ್ ಕೂರಿಸುವಾಗ ಮಾತ್ರ ಜಿಗ್‌ಜಾಗ್ ಬೇಕು.

ಸೂಜಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮೊದಲ ಬಾರಿ ಹೊಲಿಯುವವರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬನಿಯನ್ ಬಟ್ಟೆಯ ಮೇಲೆ ಹೊಲಿಗೆ ಬಿಟ್ಟುಬಿಟ್ಟು ಬೀಳತೊಡಗಿದರೆ ಮಿಷನ್ ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಹೇಳಿಕಳಿಸುತ್ತಾರೆ. ಎಷ್ಟೋ ಸಲ ಮಿಷನ್ ಸರಿಯಾಗಿಯೇ ಇರುತ್ತದೆ. ಸೂಜಿ ಕೆಳಗಿಳಿದು ಮೇಲೇಳುವ ಕ್ಷಣದಲ್ಲಿ ಅದರ ಹಿಂದೆ ದಾರ ಒಂದು ಸಣ್ಣ ಕುಣಿಕೆಯಾಗುತ್ತದೆ, ಕೆಳಗಿನ ಕೊಕ್ಕೆ ಅದನ್ನು ಹಿಡಿದು ಬಾಬಿನ್ ದಾರದ ಜೊತೆ ಗಂಟುಹಾಕುತ್ತದೆ. ಹಿಗ್ಗುವ ಬಟ್ಟೆ ಸೂಜಿಗೆ ಅಂಟಿಕೊಂಡು ಅದರೊಂದಿಗೇ ಮೇಲೆದ್ದರೆ ಕುಣಿಕೆ ಆಗುವುದೇ ಇಲ್ಲ, ಕೊಕ್ಕೆ ಬರಿಗೈಯಲ್ಲಿ ಸುತ್ತುತ್ತದೆ. ಸ್ಟ್ರೆಚ್ ಸೂಜಿಯ ಕಣ್ಣಿನ ಹಿಂಭಾಗದ ಆಕಾರ ಈ ಕುಣಿಕೆ ಸರಿಯಾಗಿ ಆಗಲೆಂದೇ ಇರುವುದು. ಬಾಲ್‌ಪಾಯಿಂಟ್ ಸೂಜಿಯ ಮೊನೆ ತುಸು ಮೊಂಡ, ಅದು ಬಟ್ಟೆಯ ಎಳೆಗಳನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಮಾಮೂಲಿ ಚೂಪು ಸೂಜಿ ಎಳೆಯನ್ನೇ ಕಡಿಯಬಹುದು, ಆಗ ಕೆಲವು ಒಗೆತದ ನಂತರ ಹೊಲಿಗೆಯುದ್ದಕ್ಕೂ ಸಣ್ಣ ಸಣ್ಣ ತೂತು. ತೆಳುವಾದ ಹೊಸೈರಿಗೆ 11ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ ಸಾಕು. ಹತ್ತಿಯ ದಾರ ಹಿಗ್ಗುವುದು ಕಡಿಮೆ, ಇಲ್ಲಿಗೆ ಬೇಡ.

ಇಲಾಸ್ಟಿಕ್ಕಿಗೂ ಒಂದು ಕ್ರಮವಿದೆ. ಪ್ಯಾಂಟಿಯ ಕಾಲಿನ ಸುತ್ತು 20 ಇಂಚು ಇದ್ದರೆ ಇಲಾಸ್ಟಿಕ್ 18 ಇಂಚು ತೆಗೆದುಕೊಳ್ಳಿ. ತುದಿಗಳನ್ನು ಸೇರಿಸಿ ಬಳೆಯಂತೆ ಮಾಡಿ. ಬಟ್ಟೆಯ ಹೊರಮೈ ಮೇಲೆ, ಇಲಾಸ್ಟಿಕ್ಕಿನ ಮೆತ್ತನೆಯ ಬದಿ ಮೇಲಕ್ಕೆ ಬರುವಂತೆ, ಅಲಂಕಾರದ ಹಲ್ಲಂಚು ಒಳಗಡೆಗೆ ಮುಖಮಾಡುವಂತೆ ಇಟ್ಟು, ಆ ಹಲ್ಲಂಚಿನ ಪಕ್ಕದಲ್ಲೇ ಒಂದು ಜಿಗ್‌ಜಾಗ್ ಓಡಿಸಿ. ನಂತರ ಇಲಾಸ್ಟಿಕ್ಕನ್ನು ಒಳಕ್ಕೆ ಮಗುಚಿ ಹೊರಗಿನಿಂದ ಇನ್ನೊಂದು. ಮೆತ್ತನೆಯ ಬದಿ ಮೈಗೆ ತಾಗುತ್ತದೆ, ಹಲ್ಲಂಚು ಮಾತ್ರ ಹೊರಗೆ ಇಣುಕುತ್ತದೆ. ಎಳೆತವನ್ನು ಸುತ್ತಲೂ ಸಮನಾಗಿ ಹಂಚಬಾರದು. ಮುಂಭಾಗದಲ್ಲಿ ಬಹುತೇಕ ಎಳೆಯದೆ, ಹಿಂಭಾಗದ ಬಾಗಿನಲ್ಲಿ ಹೆಚ್ಚು ಎಳೆದು ಹೊಲಿದರೆ ನಡೆಯುವಾಗ ಬಟ್ಟೆ ಸರಿದಾಡುವುದಿಲ್ಲ.

“ಸಿ ಎಂದರೆ ದೊಡ್ಡದು, ಎ ಎಂದರೆ ಚಿಕ್ಕದು”

ಅಕ್ಷರಕ್ಕೆ ತನ್ನಷ್ಟಕ್ಕೆ ಅಳತೆಯಿಲ್ಲ. 32ಸಿ, 34ಬಿ, 36ಎ ಮೂರರ ಕಪ್ಪಿನ ಗಾತ್ರ ಹೆಚ್ಚುಕಡಿಮೆ ಒಂದೇ, ಬದಲಾಗುವುದು ಪಟ್ಟಿಯ ಉದ್ದ. ಕಪ್ ಸಾಲದೆ ಬಿಗಿಯಾದಾಗ 34 ಬಿಟ್ಟು 36 ಕೊಳ್ಳುವವರು ಪಟ್ಟಿಯನ್ನು ಸಡಿಲ ಮಾಡಿಕೊಳ್ಳುತ್ತಾರೆ. ಎದೆಯ ಭಾರ ಹೊರುವುದು ಭುಜದ ಪಟ್ಟಿ ಎಂಬ ತಪ್ಪು ತಿಳಿವಳಿಕೆ ಇದಕ್ಕೆ ಜೊತೆಗೂಡುತ್ತದೆ. ಭಾರದ ಹೆಚ್ಚಿನ ಪಾಲು ಹೊರಬೇಕಾದದ್ದು ಎದೆಯ ಕೆಳಗೆ ಸುತ್ತುವ ಪಟ್ಟಿ. ಅದು ಸಡಿಲವಾದರೆ ಕೆಲಸವೆಲ್ಲ ಭುಜದ ಮೇಲೆ ಬೀಳುತ್ತದೆ, ಸಂಜೆಗೆ ಅಲ್ಲಿ ಕೆಂಪು ಗೀರು. ಪರೀಕ್ಷೆ ಸುಲಭ: ಭುಜದ ಪಟ್ಟಿಗಳನ್ನು ಕೆಳಗಿಳಿಸಿದಾಗಲೂ ಬ್ರಾ ಇದ್ದಲ್ಲೇ ನಿಲ್ಲಬೇಕು.

ಎದೆ ಕೆಳಗಿನ ಸುತ್ತಳತೆಗೆ ನಾಲ್ಕೈದು ಇಂಚು ಕೂಡಿಸುವ ಹಳೆಯ ಲೆಕ್ಕವೂ ಚಾಲ್ತಿಯಲ್ಲಿದೆ. ಹಿಗ್ಗುವ ಪಟ್ಟಿಗೆ ಆ ಲೆಕ್ಕ ಒಗ್ಗುವುದಿಲ್ಲ. ನಮಗೆ ನಾವೇ ಹೊಲಿಯುವಾಗ ನಂಬರಿನ ಹಂಗೇಕೆ? ಎದೆ ಕೆಳಗಿನ ಸುತ್ತು ಎಷ್ಟಿದೆಯೋ ಅಷ್ಟನ್ನೇ ಬರೆದುಕೊಂಡು, ಬಟ್ಟೆಯ ಹಿಗ್ಗನ್ನು ಅಳೆಯಿರಿ. ಸ್ಕೇಲಿನ ಮೇಲೆ 10 ಸೆಂಟಿಮೀಟರ್ ಹಿಡಿದು ಎಳೆದಾಗ 15ಕ್ಕೆ ಬಂದರೆ ಶೇ 50 ಹಿಗ್ಗು. ಪ್ಯಾಟರ್ನ್ ಕೇಳುವ ಹಿಗ್ಗು ನಿಮ್ಮ ಬಟ್ಟೆಯಲ್ಲಿ ಇದೆಯೋ ನೋಡಿ. ಹೆಚ್ಚು ಹಿಗ್ಗುವ ದಿಕ್ಕು ಮೈಯ ಸುತ್ತ ಬರಬೇಕು. ಹೊಸದಾಗಿ ಹೊಲಿದ ಬ್ರಾ ಅತಿ ಸಡಿಲದ ಹುಕ್ಕಿಗೆ ಸರಿಯಾಗಿ ಕೂರಬೇಕು, ಒಳಗಿನ ಹುಕ್ಕುಗಳು ಪಟ್ಟಿ ಹಿಗ್ಗಿದ ಮೇಲಿನ ಕಾಲಕ್ಕೆ.

“ಹತ್ತಿಯೊಂದಿದ್ದರೆ ಆಯಿತು”

ಹತ್ತಿ ಒಳ್ಳೆಯದೇ. ಆದರೆ ಲೈಕ್ರಾ ಇಲ್ಲದ ಅಪ್ಪಟ ಹತ್ತಿಯ ಬನಿಯನ್ ಬಟ್ಟೆ ಒಮ್ಮೆ ಹಿಗ್ಗಿದರೆ ಪೂರ್ತಿ ಹಿಂದಿರುಗುವುದಿಲ್ಲ, ಸಂಜೆಯ ಹೊತ್ತಿಗೆ ಸಡಿಲ. ಸ್ವಲ್ಪ ಲೈಕ್ರಾ ಸೇರಿರಲಿ. ಹತ್ತಿ ಇರಲೇಬೇಕಾದ ಜಾಗ ಕಾಲುಗಳ ನಡುವಿನ ಎರಡು ಪದರದ ತುಂಡಿನ ಒಳಪದರ. ಬ್ರಾದಲ್ಲಿ ಎರಡು ಕಪ್ಪುಗಳ ನಡುವಿನ ಭಾಗ ಹಿಗ್ಗದ ಬಟ್ಟೆಯದಾಗಿರಬೇಕು, ಬೆನ್ನಿನ ಪಟ್ಟಿ ಪವರ್‌ನೆಟ್‌ನಂಥ, ಜಾಲರಿಯಂತಿರುವ ಗಟ್ಟಿ ಹಿಗ್ಗಿನ ಬಟ್ಟೆಯದು. ಒಂದೇ ಬಟ್ಟೆಯಲ್ಲಿ ಇಡೀ ಬ್ರಾ ಮುಗಿಸಲು ಹೊರಟರೆ ಆಧಾರ ಸಿಗುವುದಿಲ್ಲ. ಹತ್ತಿಯ ಬಟ್ಟೆ ಕುಗ್ಗುವುದರಿಂದ ಕತ್ತರಿಸುವ ಮುನ್ನ ಒಗೆದು ಒಣಗಿಸಿ.

ಹತ್ತಿ ಆರೋಗ್ಯಕ್ಕೆ ಒಳ್ಳೆಯದೆಂದು ನಂಬುವ ಎಷ್ಟೋ ಮನೆಗಳಲ್ಲಿ ಅದನ್ನು ಒಣಹಾಕುವುದು ಟವೆಲಿನ ಅಡಿಯಲ್ಲಿ, ಇಲ್ಲವೇ ಬಚ್ಚಲಿನ ಕತ್ತಲಲ್ಲಿ. ತೇವ ಉಳಿದ ಬಟ್ಟೆ ತೊಟ್ಟರೆ ಶಿಲೀಂಧ್ರದ ತುರಿಕೆಗೆ ದಾರಿ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ನಾಚಿಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿರುವ ಈ ಅಭ್ಯಾಸ ಮೊದಲು ಹೋಗಬೇಕು. ಗಂಡಸರ ಬನಿಯನ್ ಒಣಗುವ ತಂತಿಯ ಮೇಲೆಯೇ ಇವೂ ಒಣಗಲಿ.

ಆರೋಗ್ಯದ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಕಪ್ಪಿನ ಕೆಳಗೆ ತಂತಿಯಿರುವ ಬ್ರಾ ತೊಟ್ಟರೆ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. 1995ರಲ್ಲಿ ಬಂದ ಒಂದು ಪುಸ್ತಕ ಈ ಭಯವನ್ನು ಹಬ್ಬಿಸಿತು. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಮುಟ್ಟು ನಿಂತ ಮಹಿಳೆಯರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ತಂತಿ ಚುಚ್ಚುತ್ತಿದ್ದರೆ ಅದು ಅಳತೆಯ ದೋಷ. ಮೊದಲ ಬ್ರಾಕ್ಕೆ ತಂತಿಯೇ ಬೇಡ, ಕೆಲಸ ಸುಲಭವಾಗುತ್ತದೆ.

“ಮನೆಯಲ್ಲಿ ಹೊಲಿದರೆ ಅಗ್ಗ”

ಪ್ಯಾಂಟಿಯ ಮಟ್ಟಿಗೆ ನಿಜ. ಟೀ ಶರ್ಟು, ನೈಟಿ ಹೊಲಿದು ಉಳಿದ ಹೊಸೈರಿ ತುಂಡೇ ಸಾಕು. ಸವೆದ ಹಳೆಯದನ್ನು ಹೊಲಿಗೆ ಬಿಚ್ಚಿ ಚಪ್ಪಟೆ ಮಾಡಿದರೆ ಪ್ಯಾಟರ್ನ್ ಸಿಕ್ಕಿತು, ಮುಂದೆ, ಹಿಂದೆ, ನಡುವಿನ ತುಂಡು. ಹಳೆಯದು ಜಗ್ಗಿರುತ್ತದೆ ಎಂಬುದನ್ನು ಮರೆಯದೆ ಅಂಚಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಗೆರೆ ಎಳೆಯಿರಿ. ಬ್ರಾದ ಲೆಕ್ಕ ಬೇರೆ. ಹುಕ್ಕಿನ ಪಟ್ಟಿ, ಉಂಗುರ, ಸ್ಲೈಡರ್, ಎರಡು ಮೂರು ಬಗೆಯ ಇಲಾಸ್ಟಿಕ್, ಲೈನಿಂಗ್, ಪವರ್‌ನೆಟ್ ಎಲ್ಲ ಸೇರಿದಾಗ ಮೊದಲನೆಯದು ಅಂಗಡಿಯದಕ್ಕಿಂತ ದುಬಾರಿಯಾಗಬಹುದು. ಹಣ ಉಳಿಸಲೆಂದೇ ಬ್ರಾ ಹೊಲಿಯಲು ಕೂರಬೇಡಿ. ಹಳೆಯ ಬ್ರಾದ ಉಂಗುರ, ಹುಕ್ಕು ಗಟ್ಟಿಯಾಗಿದ್ದರೆ ಬಿಚ್ಚಿಟ್ಟುಕೊಳ್ಳಿ.

ಸಿಗುವ ಲಾಭ ಅಳತೆಯದು. ಬಹುತೇಕ ಹೆಂಗಸರ ಎರಡು ಸ್ತನಗಳು ಒಂದೇ ಗಾತ್ರದವಲ್ಲ, ಅಂಗಡಿಯ ಬ್ರಾದ ಎರಡು ಕಪ್ಪುಗಳು ಮಾತ್ರ ಒಂದೇ. ಹೊಲಿಯುವವಳು ಎಡಗಪ್ಪನ್ನು ಒಂದು ಅಳತೆಯಲ್ಲಿ, ಬಲಗಪ್ಪನ್ನು ಇನ್ನೊಂದರಲ್ಲಿ ಕತ್ತರಿಸಬಲ್ಲಳು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಒಂದು ಸ್ತನ ತೆಗೆಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಉಪಯೋಗವಿದೆ. ಕೃತಕ ಸ್ತನ ಇಡಲು ಜೇಬಿರುವ ಬ್ರಾ ಎಲ್ಲ ಊರಲ್ಲೂ ಸಿಗುವುದಿಲ್ಲ. ಕಪ್ಪಿನ ಒಳಗೆ ಮೃದುವಾದ ಹತ್ತಿಯ ಇನ್ನೊಂದು ಪದರ ಕತ್ತರಿಸಿ, ಕಂಕುಳ ಕಡೆಯ ಅಂಚನ್ನು ಮಾತ್ರ ಮಡಚಿ ಹೊಲಿದು ಬಾಯಿ ತೆರೆದಿಟ್ಟು, ಉಳಿದ ಅಂಚುಗಳನ್ನು ಕಪ್ಪಿನ ಜೊತೆ ಸೇರಿಸಿದರೆ ಜೇಬು ಸಿದ್ಧ. ಸಿಲಿಕೋನಿನದೋ ಹತ್ತಿ ನೂಲಿನಲ್ಲಿ ಹೆಣೆದದ್ದೋ ಕೃತಕ ಸ್ತನ ಅದರೊಳಗೆ ಕೂರುತ್ತದೆ, ಒಗೆಯುವಾಗ ಹೊರತೆಗೆಯಬಹುದು. ಗಾಯ ಪೂರ್ತಿ ಮಾಗಿದೆ ಎಂದು ವೈದ್ಯರು ಹೇಳಿದ ಮೇಲೆಯೇ ಅಳತೆ ತೆಗೆಯಿರಿ. ಆ ಬದಿಯಲ್ಲಿ ಕಂಕುಳ ಕೆಳಗಿನ ಪಟ್ಟಿಯನ್ನು ಅಗಲವಾಗಿ ಇಟ್ಟು, ಹೊಲಿಗೆಯ ಗಂಟು ಗಾಯದ ಕಲೆಯ ಮೇಲೆ ಬರದಂತೆ ಹೊಲಿಗೆಯ ಅಂಚನ್ನು ಹೊರಮುಖಕ್ಕೆ ಮಡಚಿ, ಮೇಲೊಂದು ತೆಳು ಪಟ್ಟಿ ಹಾಕಿ ಮುಚ್ಚಿ.