ಲಿನಕ್ಸ್ ಸರ್ವರಿನ ರಕ್ಷಣಾ ಡಿಸ್ಕ್: ಸಿದ್ಧತೆಯ ಕ್ರಮ

ಓಲೆಗರಿಗಳ ಛಾಯಾಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸಿಡುವ ಪದ್ಧತಿ ಹಸ್ತಪ್ರತಿ ಭಂಡಾರಗಳಲ್ಲಿ ಈಗ ರೂಢವಾಗಿದೆ. ಈ ಸಂಗ್ರಹವನ್ನು ಇತರ ಕಂಪ್ಯೂಟರುಗಳಿಗೆ ಒದಗಿಸುವ ಯಂತ್ರವೇ ಸರ್ವರ್. ೧೯೯೧ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಸರ್ವರುಗಳಲ್ಲಿ ಬಹುವಾಗಿ ಬಳಕೆಯಲ್ಲಿದೆ. ಇಂಥ ಯಂತ್ರವು ಒಂದು ದಿನ ಚಾಲನೆಗೊಳ್ಳದೆ ನಿಂತರೆ ಮಾಡತಕ್ಕದ್ದೇನೆಂಬುದು ಪ್ರಸ್ತುತ ಲೇಖನದ ವಿಷಯ.

ಮೊದಲು ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. ಸರ್ವರ್ ಚಾಲನೆಗೊಳ್ಳದ ಮಾತ್ರಕ್ಕೆ ಒಳಗಿನ ಪ್ರತಿಗಳು ನಷ್ಟವಾದವೆಂದು ಅರ್ಥವಲ್ಲ. ಯಂತ್ರದ ಫರ್ಮ್‌ವೇರ್ ಬೂಟ್‌ಲೋಡರನ್ನೂ, ಬೂಟ್‌ಲೋಡರ್ ಲಿನಕ್ಸಿನ ಕರ್ನೆಲನ್ನೂ ಮೆಮೊರಿಗೆ ತರುತ್ತವೆ. ಬಳಿಕ ಮೂಲ ಕಡತವ್ಯವಸ್ಥೆ ತೆರೆದುಕೊಳ್ಳುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಯಂತ್ರ ನಿಲ್ಲುತ್ತದೆ. ಭಂಡಾರದ ಬೀಗದ ಕೈ ಮುರಿದ ಮಾತ್ರಕ್ಕೆ ಒಳಗಿನ ಕಟ್ಟುಗಳು ಹಾಳಾಗವು. ಆದರೆ ಆತುರದಿಂದ ಲಿನಕ್ಸನ್ನು ಹೊಸದಾಗಿ ಸ್ಥಾಪಿಸಹೊರಟರೆ, ಹಾರ್ಡ್ ಡಿಸ್ಕ್ ಅಳಿಸಿಹೋಗಿ ಉಳಿದಿದ್ದ ಪ್ರತಿಗಳೂ ನಾಶವಾದಾವು.

ಇಲ್ಲಿ ನೆರವಿಗೆ ಬರುವುದು ರಕ್ಷಣಾ ಡಿಸ್ಕ್. ಸರ್ವರಿನ ಹಾರ್ಡ್ ಡಿಸ್ಕನ್ನು ಅವಲಂಬಿಸದೆ ತಾನೇ ಚಾಲನೆಗೊಳ್ಳುವ, ದುರಸ್ತಿಯ ಸಾಧನಗಳುಳ್ಳ ಲಿನಕ್ಸ್ ಅದರಲ್ಲಿರುತ್ತದೆ. ಉಚಿತವಾಗಿ ದೊರೆಯುವ ಸಿಸ್ಟಮ್‌ರೆಸ್ಕ್ಯೂ ಇಂಥದ್ದೊಂದು. ಸರ್ವರ್ ಸುಸ್ಥಿತಿಯಲ್ಲಿರುವಾಗಲೇ ಇದನ್ನು ಸಿದ್ಧಪಡಿಸಬೇಕು.

ಇದು ಐಎಸ್‌ಒ ಎಂಬ ರೂಪದ ಒಂದೇ ಕಡತವಾಗಿ ದೊರೆಯುತ್ತದೆ. ಇಳಿಸಿಕೊಂಡ ಕಡತದ ಶುದ್ಧಿಯನ್ನು ಶಾ-೨೫೬ ಎಂಬ ಮೊತ್ತದಿಂದ ಪರೀಕ್ಷಿಸಬೇಕು. ೩೨ ಅಕ್ಷರಗಳನ್ನು ಒಂದು ಶ್ಲೋಕವೆಂದೆಣಿಸಿ ಲಿಪಿಕಾರರು ಪ್ರತಿಯ ಅಂತ್ಯದಲ್ಲಿ ಗ್ರಂಥಾಗ್ರವನ್ನು ನಮೂದಿಸುತ್ತಿದ್ದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಒಂದಕ್ಷರದ ಸ್ಥಾನದಲ್ಲಿ ಮತ್ತೊಂದು ಬಿದ್ದರೆ ಗ್ರಂಥಾಗ್ರ ಅದನ್ನು ತೋರಿಸಲಾರದು. ೬೪ ಅಂಕಾಕ್ಷರಗಳ ಈ ಮೊತ್ತವಾದರೋ, ಕಡತದಲ್ಲಿ ಒಂದೇ ಬಿಟ್ ವ್ಯತ್ಯಾಸವಾದರೂ ಬೇರೆಯಾಗಿಬಿಡುತ್ತದೆ. ವಿತರಕರು ಪ್ರಕಟಿಸಿದ ಮೊತ್ತಕ್ಕೆ ನಮ್ಮದು ಹೊಂದದಿದ್ದರೆ ಆ ಕಡತವನ್ನು ತ್ಯಜಿಸತಕ್ಕದ್ದು.

ಕಡತವನ್ನು ಸಾಮಾನ್ಯ ಕಡತದಂತೆ ಡಿಸ್ಕಿಗೆ ನಕಲು ಮಾಡಿದರೆ ಯಂತ್ರ ಅದರಿಂದ ಚಾಲನೆಗೊಳ್ಳದು. ಡಿಸ್ಕ್ ಬರೆಯುವ ತಂತ್ರಾಂಶದಲ್ಲಿ 'ಇಮೇಜ್' ಎಂಬ ಆಯ್ಕೆಯಿಂದಲೇ ಬರೆಯಬೇಕು. ೭೦೦ ಮೆಗಾಬೈಟಿನ ಸಿ.ಡಿ. ಈಗ ಸಾಲದು, ೪.೭ ಗಿಗಾಬೈಟಿನ ಡಿ.ವಿ.ಡಿ. ಸಾಕು. ಡಿ.ವಿ.ಡಿ. ಡ್ರೈವ್ ಇಲ್ಲದ ಸರ್ವರಿಗೆ ಪೆನ್‌ಡ್ರೈವ್ ಬಳಸಬಹುದು. ಹೀಗೆ ಬರೆದಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದುದು ಅಳಿಯುತ್ತದೆ. ಆದುದರಿಂದ ಸಾಧನದ ಹೆಸರನ್ನು ಎರಡು ಬಾರಿ ನೋಡಿಕೊಳ್ಳಬೇಕು.

ಪರೀಕ್ಷಿಸದ ಡಿಸ್ಕನ್ನು ರಕ್ಷಣಾ ಡಿಸ್ಕ್ ಎನ್ನಲಾಗದು. ರಜಾದಿನವೊಂದರಲ್ಲಿ ಸರ್ವರನ್ನು ನಿಲ್ಲಿಸಿ, ಫರ್ಮ್‌ವೇರಿನ ಬೂಟ್ ಪಟ್ಟಿಯಲ್ಲಿ ಈ ಡಿಸ್ಕನ್ನು ಆರಿಸಿ ಚಾಲನೆ ಮಾಡಬೇಕು. ಹಾರ್ಡ್ ಡಿಸ್ಕುಗಳೂ ಅವುಗಳ ವಿಭಾಗಗಳೂ ಕಾಣುತ್ತವೆಯೆ, ರೇಯ್ಡ್ ಜೋಡಣೆಯಿದ್ದರೆ ಅದು ತೆರೆಯುತ್ತದೆಯೆ ಎಂದು ಪರಿಶೀಲಿಸಬೇಕು. ವಿಭಾಗಗಳ ಹೆಸರುಗಳನ್ನು ಕಾಗದದಲ್ಲಿ ಬರೆದು ಡಿಸ್ಕಿನೊಡನೆ ಇಡುವುದು ಲೇಸು.

ಆಪತ್ತು ಒದಗಿದಾಗ ಅನುಸರಿಸತಕ್ಕ ಕ್ರಮವಿದು: ಮೊದಲು ವಿಭಾಗಗಳನ್ನು ಓದಲು ಮಾತ್ರ ತೆರೆದು, ಪ್ರತಿಗಳನ್ನು ಬೇರೊಂದು ಡಿಸ್ಕಿಗೆ ಸಾಗಿಸಬೇಕು, ದುರಸ್ತಿ ಆಮೇಲಿನ ಮಾತು. ಕಡತವ್ಯವಸ್ಥೆಯನ್ನು ಸರಿಪಡಿಸುವ ಎಫ್‌ಎಸ್‌ಸಿಕೆ ಆಜ್ಞೆಯನ್ನು ತೆರೆದಿರುವ ವಿಭಾಗದ ಮೇಲೆ ಪ್ರಯೋಗಿಸಕೂಡದು. ಬೂಟ್‌ಲೋಡರ್ ಮಾತ್ರ ಕೆಟ್ಟಿದ್ದರೆ, ಸಿಎಚ್‌ರೂಟ್ ಆಜ್ಞೆಯಿಂದ ಸರ್ವರಿನ ಸ್ವಂತ ವ್ಯವಸ್ಥೆಯೊಳಗೆ ಪ್ರವೇಶಿಸಿ ಗ್ರಬ್ ಎಂಬ ಬೂಟ್‌ಲೋಡರನ್ನು ಮರಳಿ ಸ್ಥಾಪಿಸಬಹುದು. ಹಾರ್ಡ್ ಡಿಸ್ಕೇ ಶಿಥಿಲವಾಗಿದ್ದರೆ ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಮೊದಲು ಅದರ ಪೂರ್ಣ ಪ್ರತಿಯನ್ನು ತೆಗೆದು, ಆ ಪ್ರತಿಯ ಮೇಲೆಯೇ ಕೆಲಸ ಮಾಡಬೇಕು. ಪುಡಿಯಾಗುತ್ತಿರುವ ಗರಿಯನ್ನು ಯಾರೂ ಪದೇ ಪದೇ ಬಿಡಿಸುವುದಿಲ್ಲವಷ್ಟೆ.

ಕಡೆಯದಾಗಿ, ಈ ಡಿಸ್ಕಿನಲ್ಲಿ ನಮ್ಮ ಸಂಗ್ರಹದ ಒಂದು ಗರಿಯೂ ಇರುವುದಿಲ್ಲ. ಇದು ಬಾಗಿಲನ್ನು ತೆರೆದುಕೊಡುತ್ತದೆಯೇ ಹೊರತು ಸುಟ್ಟುಹೋದುದನ್ನು ಮರಳಿ ಕೊಡಲಾರದು. ಬೇರೊಂದು ಸ್ಥಳದಲ್ಲಿ ಪ್ರತ್ಯಂತರವನ್ನು ಇರಿಸುವ ಹೊಣೆ ಸಂಗ್ರಹಕಾರರದೇ ಆಗಿದೆ.