ಕ್ರೀಡಾ ಉಡುಪಿನ ವೈನ್ ಕಲೆ ನಿವಾರಣೆ

ಕ್ರೀಡಾ ಉಡುಪಿನ ವೈನ್ ಕಲೆ ನಿವಾರಣೆ ಎಂದರೆ ಕೆಂಪು ವೈನ್ ಅಥವಾ ಕಪ್ಪು ದ್ರಾಕ್ಷಿಯ ರಸ ತಗುಲಿದ ಕೃತಕ ನೂಲಿನ ಉಡುಪನ್ನು ಮನೆಯಲ್ಲಿ ದೊರೆಯುವ ವಸ್ತುಗಳಿಂದಲೇ ಶುಚಿಗೊಳಿಸುವ ವಿಧಾನ. ಎರಡರ ಬಣ್ಣಕ್ಕೂ ದ್ರಾಕ್ಷಿ ಸಿಪ್ಪೆಯಲ್ಲಿರುವ ಆಂಥೋಸಯಾನಿನ್ ಎಂಬ ವರ್ಣದ್ರವ್ಯವೇ ಕಾರಣವಾದುದರಿಂದ ಉಪಚಾರವೂ ಒಂದೇ ಬಗೆಯದು.

ಹಿನ್ನೆಲೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳು ‘ಬೆಂಗಳೂರು ನೀಲಿ’ ದ್ರಾಕ್ಷಿಗೆ ಹೆಸರಾಗಿವೆ. ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆಯಿತು. ಇದರಿಂದ ರಸ, ಜಾಮ್ ಹಾಗೂ ವೈನ್ ತಯಾರಿಸಲಾಗುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಸಮೀಪ, 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆಯ ತೋಟಗಳಲ್ಲಿ ಫ್ರಾನ್ಸ್ ಮೂಲದ ವೈನ್ ತಳಿಗಳನ್ನು ಬೆಳೆಯಲಾಗುತ್ತದೆ. ಆದರೂ ಈ ಭಾಗದ ಮನೆಗಳಲ್ಲಿ ಒಗೆಯುವವರಿಗೆ ಎದುರಾಗುವುದು ಹೆಚ್ಚಾಗಿ ವೈನಿನ ಕಲೆಯಲ್ಲ, ಮಕ್ಕಳ ಆಟದ ಅಂಗಿಯ ಮೇಲಿನ ಹಣ್ಣಿನ ಕಲೆಯೇ. ಇರುವ ಒಂದೇ ಬಿಳಿ ಸಮವಸ್ತ್ರ ಮರುದಿನದ ಕ್ರೀಡಾಕೂಟಕ್ಕೆ ಬೇಕಾದಾಗ ಸಮಸ್ಯೆ ಚಿಕ್ಕದೆನಿಸುವುದಿಲ್ಲ.

ಕಲೆಯ ಸ್ವಭಾವ

ಅರಿಸಿನದ ಕಲೆಗೆ ಸೋಪು ತಗುಲಿದರೆ ಕೆಂಪಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಆಂಥೋಸಯಾನಿನ್ ಕೂಡ ಹೀಗೆಯೇ ಬಣ್ಣ ಬದಲಿಸುತ್ತದೆ: ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಅಥವಾ ಹಸಿರು. ಅಡುಗೆ ಸೋಡಾ ಹಾಕಿದೊಡನೆ ಕಲೆ ನೀಲಿಯಾದರೆ ಅದು ಹೋಗುತ್ತಿದೆ ಎಂದಾಗಲಿ ಹೆಚ್ಚುತ್ತಿದೆ ಎಂದಾಗಲಿ ಭಾವಿಸಬೇಕಿಲ್ಲ. ಬಣ್ಣ ಮಾತ್ರ ಬದಲಾಗಿದೆ.

ಪಾಲಿಯೆಸ್ಟರ್ ನೂಲು ನೀರನ್ನು ಅಷ್ಟಾಗಿ ಹೀರುವುದಿಲ್ಲ. ಹೀಗಾಗಿ ರಸವು ಎಳೆಗಳ ನಡುವೆ ನಿಲ್ಲುತ್ತದೆ. ಬೇಗ ತೊಳೆದರೆ ಹತ್ತಿಗಿಂತ ಸುಲಭವಾಗಿ ಬಿಡುತ್ತದೆ. ನೈಲಾನ್ ಮಾತ್ರ ಇಂತಹ ಬಣ್ಣವನ್ನು ಬಿಗಿಯಾಗಿ ಹಿಡಿಯುತ್ತದೆ.

ವಿಧಾನ

ಒಣಗಿದ ಬಿಳಿ ಹತ್ತಿ ಬಟ್ಟೆಯಿಂದ ಕಲೆಯನ್ನು ಅಂಚಿನಿಂದ ನಡುವಿಗೆ ಒತ್ತಿ ಹೀರಿಸಬೇಕು, ಉಜ್ಜಿದರೆ ಹರಡುತ್ತದೆ. ಅನಂತರ ಉಡುಪನ್ನು ಒಳಮೈ ಮೇಲಾಗಿ ಹಿಡಿದು ತಣ್ಣೀರು ಹರಿಸಬೇಕು. ಬಿಳಿ ವಿನೆಗರ್ ಮತ್ತು ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪ ನೀರಿನಲ್ಲಿ ಬೆರೆಸಿ ಹಚ್ಚಿ, ಕಾಲು ಗಂಟೆಯ ಬಳಿಕ ಚೆನ್ನಾಗಿ ಜಾಲಿಸಬೇಕು. ಇಷ್ಟಕ್ಕೂ ಹೋಗದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ 3% ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು. ಇದು ವರ್ಣದ್ರವ್ಯವನ್ನೇ ಒಡೆಯುತ್ತದೆ. ಬಣ್ಣದ ಉಡುಪಾದರೆ ಮೊದಲು ಒಳಹೊಲಿಗೆಯ ಬಳಿ ಪರೀಕ್ಷಿಸಬೇಕು. ಉಪ್ಪು ಹಸಿ ಕಲೆಯ ತೇವವನ್ನು ಹೀರಬಲ್ಲದು, ಒಣಗಿದ ಕಲೆಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಎಚ್ಚರಿಕೆಗಳು

ಕಲೆಯ ಮೇಲೆ ಕುದಿಯುವ ನೀರು ಸುರಿಯುವ ಹಳೆಯ ಪದ್ಧತಿ ಹತ್ತಿಗೆ ಹೊಂದುತ್ತದೆಯೇ ಹೊರತು ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲಿಗಲ್ಲ. ಬ್ಲೀಚಿಂಗ್ ಪೌಡರ್ ಸಹ ಆ ನೂಲನ್ನು ಕೆಡಿಸುತ್ತದೆ. ಬ್ಲೀಚಿಂಗ್ ಪೌಡರನ್ನು ವಿನೆಗರ್ ಅಥವಾ ನಿಂಬೆರಸದೊಡನೆ ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಪೆರಾಕ್ಸೈಡನ್ನು ವಿನೆಗರಿನೊಡನೆ ಕೂಡಿಸುವುದೂ ಸಲ್ಲದು. ನಡುವೆ ನೀರಿನಲ್ಲಿ ಪೂರ್ಣವಾಗಿ ತೊಳೆದಿರಬೇಕು. ಕಲೆ ಸಂಪೂರ್ಣ ಹೋಗುವವರೆಗೆ ಇಸ್ತ್ರಿ ಹಾಕಬಾರದು.