ಓರೆ ಅಕ್ಷರ, ಬಾಗಿದ ಬೆನ್ನು

ಸಂಜೆ ಹೊತ್ತು ಮಗು ಮೇಜಿನ ಮುಂದೆ ಕೂತು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆಯುತ್ತಿದೆ. ತಲೆ ಎಡಕ್ಕೆ ವಾಲಿದೆ, ಭುಜ ಮೇಲೆದ್ದಿದೆ, ಮೂಗು ಹಾಳೆಗೆ ತಾಗುವಂತಿದೆ. ‘ನೆಟ್ಟಗೆ ಕೂತ್ಕೋ’ ಎಂದು ಒಳಗಿನಿಂದ ಅಮ್ಮನ ಗದರಿಕೆ. ಅರೆಗಳಿಗೆ ನೆಟ್ಟಗಾದ ಬೆನ್ನು ಮತ್ತೆ ಬಾಗುತ್ತದೆ. ತಪ್ಪು ಮಗುವಿನದೇ?

ಇದೇ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರನ್ನೂ ಕಾಡಿತ್ತು. ಬ್ರೆಸ್ಲೌ ನಗರದ ಕಣ್ಣಿನ ವೈದ್ಯ ಹರ್ಮನ್ ಕೋನ್ ಹತ್ತು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಪರೀಕ್ಷಿಸಿ, ತರಗತಿ ಮೇಲೇರಿದಂತೆ ಸಮೀಪದೃಷ್ಟಿ ದೋಷವೂ ಹೆಚ್ಚುವುದನ್ನು 1867ರಲ್ಲಿ ತೋರಿಸಿದರು. ಮಂದ ಬೆಳಕು ಮತ್ತು ಮಗುವಿನ ಅಳತೆಗೆ ಹೊಂದದ ಡೆಸ್ಕು ಅವರ ಮುಖ್ಯ ದೂರು. ಬೇರೆ ಕೆಲವರು ಅಕ್ಷರವನ್ನೇ ದೂರಿದರು. ಬಲಕ್ಕೆ ಓರೆಯಾದ ಬರಹಕ್ಕಾಗಿ ಮಗು ಹಾಳೆಯನ್ನು ತಿರುಗಿಸುತ್ತದೆ. ಹಾಳೆಯ ಹಿಂದೆ ಕತ್ತು, ಕತ್ತಿನ ಹಿಂದೆ ಬೆನ್ನು! ಇಂಗ್ಲೆಂಡಿನ ಜಾನ್ ಜಾಕ್ಸನ್ 1890ರ ದಶಕದಲ್ಲಿ, ಅಕ್ಷರ ನೆಟ್ಟಗಿದ್ದರೆ ಮೈಯೂ ನೆಟ್ಟಗಿರುತ್ತದೆಂದು ವಾದಿಸಿದರು. ನೆಟ್ಟಕ್ಷರದ ಬರಹ ನಿಧಾನ ಎಂಬ ದೂರು ಬಂದು ಆ ಚಳವಳಿ ಕಳೆಗುಂದಿತು. ಓರೆ ಬರಹದಿಂದ ಬೆನ್ನುಮೂಳೆ ಶಾಶ್ವತವಾಗಿ ಡೊಂಕಾಗುತ್ತದೆಂಬುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಕತ್ತುನೋವು, ಆಯಾಸ ಸುಳ್ಳಲ್ಲ.

ನಮ್ಮ ಹಿರಿಯರು ಬರೆದದ್ದು ಹೇಗೆ? ಓಲೆಗರಿ ಬರೆಯುವವನು ನೆಲದ ಮೇಲೆ ಕೂತು, ಗರಿಯನ್ನು ಎಡಗೈಯಲ್ಲಿ ಹಿಡಿದು ಕಂಟದಿಂದ ಕೊರೆಯುತ್ತಿದ್ದ. ಗ್ರಂಥ ಓದುವವರಿಗೆ ವ್ಯಾಸಪೀಠವಿತ್ತು. ಲೆಕ್ಕ ಬರೆಯುವ ಗುಮಾಸ್ತರ ಮುಂದೆ ಇಳಿಜಾರು ಮುಚ್ಚಳದ ಪೆಟ್ಟಿಗೆ ಇರುತ್ತಿತ್ತು. ಮೂರರಲ್ಲೂ ಬರಹವೇ ಕಣ್ಣಿನತ್ತ ಏಳುತ್ತಿತ್ತು. ಇಂಗ್ಲಿಷ್ ಶಾಲೆಗಳ ಜೊತೆಗೆ ಬಂದ ಹಳೆಯ ಡೆಸ್ಕುಗಳಲ್ಲೂ ಆ ಇಳಿಜಾರು ಉಳಿದಿತ್ತು. ಮನೆಯ ಮೇಜು ಚಪ್ಪಟೆ. ಅದರ ಮೇಲೆ ಪಠ್ಯಪುಸ್ತಕ, ನೋಟ್‌ಬುಕ್, ಸಣ್ಣಕ್ಷರದ ನಿಘಂಟು. ಮನೆಯ ಮಾತಲ್ಲದ ಭಾಷೆಯಲ್ಲಿ ಪ್ರತಿ ಪದದ ಕಾಗುಣಿತಕ್ಕೂ ಕಣ್ಣು ಮೂರರ ನಡುವೆ ಓಡಾಡಬೇಕು. ಬೆನ್ನು ಬಾಗದೆ ಏನು ಮಾಡೀತು? ಡೆನ್ಮಾರ್ಕಿನ ಶಸ್ತ್ರವೈದ್ಯ ಮಂಡಾಲ್ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಇದನ್ನೇ ಒತ್ತಿ ಹೇಳಿದರು: ಮೇಜು ಓದುವವನತ್ತ ಇಳಿಜಾರಾಗಿರಲಿ, ಕೂರುವ ಹಲಗೆ ತುಸು ಮುಂದಕ್ಕೆ ವಾಲಿರಲಿ.

ಇದಕ್ಕೆ ಹೊಸ ಪೀಠೋಪಕರಣ ಬೇಕಿಲ್ಲ. ಬರೆಯುವ ಹಲಗೆಯ ಆಚೆ ತುದಿಗೆ ಎರಡು ದಪ್ಪ ಪುಸ್ತಕ ಒತ್ತುಕೊಟ್ಟರೆ ಇಳಿಜಾರು ಸಿದ್ಧ. ಪಠ್ಯಪುಸ್ತಕ ವ್ಯಾಸಪೀಠದ ಮೇಲಿರಲಿ. ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ ಇಡಿ. ಭುಜ ಎತ್ತದೆ ಮೊಣಕೈ ಮೇಜಿನ ಮೇಲೆ ಕೂರುವಂತಿರಲಿ.

ಇಷ್ಟಾದರೂ ಯಾವ ಭಂಗಿಯೂ ಗಂಟೆಗಟ್ಟಲೆ ಒಳ್ಳೆಯದಲ್ಲ. ದೇಹಕ್ಕೆ ಬೇಕಾದದ್ದು ಬದಲಾವಣೆ. ಅರ್ಧ ಗಂಟೆಗೊಮ್ಮೆ ಮಗು ಎದ್ದು, ಪಾಠವನ್ನು ಗಟ್ಟಿಯಾಗಿ ಓದುತ್ತ ನಾಲ್ಕು ಹೆಜ್ಜೆ ಹಾಕಲಿ. ಭಾಷೆ ಕಣ್ಣಿಗಷ್ಟೇ ಅಲ್ಲ, ನಾಲಿಗೆಗೂ ಕಿವಿಗೂ ಸೇರಿದ್ದು. ‘ನೆಟ್ಟಗೆ ಕೂತ್ಕೋ’ ಎನ್ನುವ ಬದಲು ಒಮ್ಮೆ ‘ಎದ್ದು ಓದು’ ಎಂದು ನೋಡಿ: ಇಂಗ್ಲಿಷಿಗೂ ಒಳ್ಳೆಯದು, ಬೆನ್ನಿಗೂ ಒಳ್ಳೆಯದು.